ಗೆಣ್ಣಿಲ್ಲದ ಎಲೆ

ಕೇಳಿ ತಂದ ಗಿಡ ಬಾಡುತ್ತದೆ, ಕದ್ದು ತಂದ ಗಿಡ ಬದುಕುತ್ತದೆ ಎಂದು ನಮ್ಮ ಕಡೆ ಒಂದು ಮಾತಿದೆ. ಈ ಮಾತನ್ನು ಹುಟ್ಟಿಸಿದವರು ಯಾರೇ ಇರಲಿ, ಅವರಿಗೆ ನರ್ಸರಿ ಇರಲಿಲ್ಲ ಎಂಬುದು ಖಂಡಿತ. ಉದ್ಯಾವರದಲ್ಲಿ ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಬರುವವರ ಉಗುರು ನೋಡಿದರೆ ಸಾಕು, ಯಾರು ಗಿಡ ಕೊಳ್ಳಲು ಬಂದವರು, ಯಾರು ಚಿವುಟಲು ಬಂದವರು ಎಂದು ನನಗೆ ಗೊತ್ತಾಗುತ್ತದೆ. ಮನಿ ಪ್ಲಾಂಟ್, ಕ್ರೋಟನ್, ದಾಸವಾಳ ಹೋದರೆ ಹೋಗಲಿ ಎಂದು ಬಿಟ್ಟಿದ್ದೇನೆ. ಒಂದು ಬಳ್ಳಿಯ ವಿಷಯದಲ್ಲಿ ಮಾತ್ರ ಹಾಗೆ ಬಿಡಲಾಗಲಿಲ್ಲ. ಅದರ ಕಥೆ ಇದು. ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಬಳ್ಳಿಯ ಹೆಸರು ಐವಿ. ಚಳಿ ದೇಶದ್ದು. ಅಲ್ಲಿ ಅದು ಮನೆಯ ಗೋಡೆಯನ್ನೇ ಮುಚ್ಚಿಬಿಡುತ್ತದಂತೆ. ಅದರಲ್ಲೇ ಕುಳ್ಳ ಜಾತಿಗಳೂ ಇವೆ. ಎಲೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗುವುದಿಲ್ಲ, ಚಹಾ ಲೋಟದಷ್ಟು ಕುಂಡದಲ್ಲಿ ವರ್ಷಗಟ್ಟಲೆ ಇರುತ್ತದೆ. ಮಣಿಪಾಲದ ಫ್ಲ್ಯಾಟುಗಳಲ್ಲಿ ಕಿಟಕಿಯ ದಂಡೆಯೇ ತೋಟವಾದ್ದರಿಂದ ಅಲ್ಲಿ ಇದನ್ನು ಕೇಳುವವರು ಬಹಳ. ಆದರೆ ಮಣಿಪಾಲದಲ್ಲಿ ಐವಿ ಎಂದರೆ ಎಲ್ಲರಿಗೂ ನೆನಪಾಗುವುದು ಆಸ್ಪತ್ರೆಯ ಬಾಟಲಿ. ಒಮ್ಮೆ ಬಸ್ಸಿನಲ್ಲಿ ಗಿರಾಕಿಯೊಬ್ಬರ ಜೊತೆ ಫೋನಿನಲ್ಲಿ, "ಐವಿ ಹಾಕಿ ಮೂರು ದಿನ ಆಯಿತು, ತಲೆ ಎತ್ತಲೇ ಇಲ್ಲ. ಇನ್ನು ಆಸೆ ಬಿಡುವುದೇ" ಎನ್ನುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ನನ್ನ ಕೈ ಹಿಡಿದು, "ಯಾವ ವಾರ್ಡು? ಗಂಡನಾ?" ಎಂದು ಕೇಳಿದರು. ಗಿಡ ಎಂದು ಹೇಳಲು ನಾಚಿಕೆಯಾಗಿ, ಅತ್ತೆ ಎಂದೆ. ಆ ಸುಳ್ಳಿನ ಪಾಪವೇ ನನಗೆ ತಟ್ಟಿದ್ದು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ನನ್ನ ಕೈಗೆ ಐವಿ ಬಂದದ್ದು ಕಸದ ರಾಶಿಯಿಂದ. ಕಾಪುವಿನ ಒಂದು ಸಭಾಭವನದಲ್ಲಿ ಮದುವೆಯ ಅಲಂಕಾರಕ್ಕೆಂದು ಊಟಿಯ ಕಡೆಯಿಂದ ಟ್ರೇಗಟ್ಟಲೆ ತರಿಸಿದ್ದರು. ಮರುದಿನ ಬೆಳಿಗ್ಗೆ ನನ್ನ ಬಾಡಿಗೆ ಕುಂಡಗಳನ್ನು ತರಲು ಹೋದಾಗ ಅವೆಲ್ಲ ಹಿತ್ತಿಲಲ್ಲಿ ಬಾಡಿದ ಹೂವಿನ ಜೊತೆ ಬಿದ್ದಿದ್ದವು. ಜೀವ ಇದ್ದಂತೆ ಕಂಡ ಆರನ್ನು ಆರಿಸಿ ತಂದೆ. ನಾನು ಮಲ್ಲಿಗೆ ಬೆಳೆಯುವ ಮನೆಯ ಮಗಳು. ಮಲ್ಲಿಗೆಗೆ ಬಿಸಿಲು ಬೇಕು, ಹಟ್ಟಿಗೊಬ್ಬರ ಬೇಕು, ದಿನಾ ನೀರು ಬೇಕು. ಅದೇ ಬುದ್ಧಿಯಿಂದ ಇವನ್ನೂ ಸಾಕಿದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ನಾಲ್ಕು ಸತ್ತವು. ಉಳಿದ ಎರಡರಿಂದ ನಾನು ಪಾಠ ಕಲಿತೆ.

ಬೆಳಗಿನ ಬಿಸಿಲು ಒಂದು ಗಂಟೆ ಸಾಕು, ಆಮೇಲೆ ಪೂರ್ತಿ ನೆರಳು. ಕುಂಡಕ್ಕೆ ಕೆಂಪು ಮುರಕಲ್ಲಿನ ಚೂರು ಎರಡು ಪಾಲು, ತೆಂಗಿನ ಗೆರಟೆ ಸುಟ್ಟ ಮಸಿ ಒಂದು ಪಾಲು, ತೆಂಗಿನ ನಾರಿನ ಹುಡಿ ಒಂದು ಪಾಲು. ನಾರಿನ ಹುಡಿಯನ್ನು ನಾಲ್ಕು ಸಲ ತೊಳೆಯಬೇಕು, ಇಲ್ಲದಿದ್ದರೆ ಅದರಲ್ಲೇ ಉಪ್ಪು ಇರುತ್ತದೆ. ಗೊಬ್ಬರ ಇಲ್ಲವೆನ್ನುವಷ್ಟು ಕಡಿಮೆ. ಬೆರಳು ಚುಚ್ಚಿ ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು. ಸೆಖೆ ಏರಿದಂತೆ ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು ನುಸಿ ಸಂಸಾರ ಹೂಡುತ್ತದೆ. ಅದಕ್ಕೆ ವಾರಕ್ಕೊಮ್ಮೆ ಕುಂಡದ ಬಾಯಿಗೆ ಬಟ್ಟೆ ಕಟ್ಟಿ, ಗಿಡವನ್ನು ತಲೆಕೆಳಗು ಮಾಡಿ ಸೋಪಿನ ನೀರಿನಲ್ಲಿ ಅದ್ದಿ, ಮತ್ತೆ ಸಿಹಿ ನೀರಿನಲ್ಲಿ ಜಾಲಾಡಬೇಕು. ಮಗುವಿಗೆ ತಲೆ ಮೀಯಿಸಿದಷ್ಟೇ ಕೆಲಸ.

ಸಿಹಿ ನೀರೇ ನಮ್ಮಲ್ಲಿ ದೊಡ್ಡ ತೊಂದರೆ. ಈಸ್ಟರ್ ಕಳೆಯಿತೆಂದರೆ ನಮ್ಮ ಬಾವಿಗೆ ಹೊಳೆಯ ಉಪ್ಪು ಹತ್ತುತ್ತದೆ. ಆದ್ದರಿಂದ ಮಳೆಗಾಲದ ಕೊನೆಯಲ್ಲಿ ಮಾಡಿನಿಂದ ಇಳಿಯುವ ನೀರನ್ನು ಎರಡು ನೀಲಿ ಡ್ರಮ್ಮಿನಲ್ಲಿ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿಡುತ್ತಿದ್ದೆ. ಅದು ಐವಿಗೆ ಮಾತ್ರ. ನನ್ನ ಅತ್ತೆಯನ್ನು ನಾವು ಕೊಂಕಣಿಯಲ್ಲಿ ಮಾಂಯ್ ಎನ್ನುತ್ತೇವೆ. "ಈ ಮನೆಯಲ್ಲಿ ಮನುಷ್ಯರಿಗೆ ಉಪ್ಪು ನೀರು, ಬಳ್ಳಿಗೆ ಸಿಹಿ ನೀರು" ಎಂದು ಮಾಂಯ್ ಬಂದವರಿಗೆಲ್ಲ ಹೇಳುತ್ತಿದ್ದರು.

ಎರಡನೆಯ ಮಳೆಗಾಲ ಮುಗಿದ ಮೇಲೆ ಒಂದು ಕುಂಡದ ಒಂದೇ ಒಂದು ಕವಲಿನಲ್ಲಿ ಬೇರೆ ಥರದ ಎಲೆ ಬಂತು. ಉಳಿದ ಎಲೆಗಳ ಅರ್ಧದಷ್ಟೂ ಇಲ್ಲ, ಅಂಚಿಗೆ ತೆಂಗಿನ ಹಾಲಿನ ಬಣ್ಣ. ಪೂರ್ತಿ ಬಿಚ್ಚಿಕೊಳ್ಳದೆ ಸಂಜೆಯ ಮಲ್ಲಿಗೆಯ ಹಾಗೆ ಒಳಕ್ಕೆ ಸುತ್ತಿಕೊಂಡಿತ್ತು. ರೋಗವೆಂದು ಚಿವುಟಲು ಹೋದವಳು ಯಾಕೋ ಕೈ ಹಿಂದೆ ತೆಗೆದೆ.

ಮಣಿಪಾಲದಲ್ಲಿ ನನ್ನಿಂದ ಗಿಡ ಕೊಳ್ಳುವ ಪ್ರೊಫೆಸರ್ ಒಬ್ಬರಿದ್ದಾರೆ. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಅವರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ರೋಗ ಅಲ್ಲ. ಬಳ್ಳಿ ತಾನಾಗಿ ಬದಲಾದದ್ದು. ಇಂಥ ಎಲೆ ನಾನು ಪುಸ್ತಕದಲ್ಲೂ ನೋಡಿಲ್ಲ. ಎಲ್ಲಿಂದ ತಂದಿರಿ?"

"ಇದನ್ನು ತಂದದ್ದಲ್ಲ ಸರ್. ನಮ್ಮ ಜಗಲಿಯಲ್ಲಿ ಆದದ್ದು."

"ಹಾಗಾದರೆ ಇದು ನಿಮ್ಮದು" ಎಂದರು.

ಅಷ್ಟೇ ಮಾತು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕಣ್ಣೀರು ಬಂತು. ನನ್ನ ತವರಿನ ಮಲ್ಲಿಗೆಗೆ ಊರಿನ ಹೆಸರಿದೆ, ಅದನ್ನು ಕಟ್ಟಿದವರ ಹೆಸರಿಲ್ಲ. ಅಮ್ಮ ಜೀವಮಾನವಿಡೀ ಬೆಳಗಿನ ಕತ್ತಲಲ್ಲಿ ಮೊಗ್ಗು ಕೊಯ್ದು ಬೆನ್ನು ಬಾಗಿಸಿಕೊಂಡರು. ನಾನೂ ಇಷ್ಟು ವರ್ಷ ಬೇರೆಯವರು ಹೆಸರಿಟ್ಟ ಗಿಡಗಳನ್ನೇ ಮಾರಿದವಳು. ನನ್ನದು ಎನ್ನಲು ಒಂದು ಎಲೆ ಸಿಕ್ಕಿತ್ತು. ಅದಕ್ಕೆ ಅಲ್ಲೇ ಮನಸ್ಸಿನಲ್ಲಿ ಮೊಗ್ಗೆಲೆ ಎಂದು ಹೆಸರಿಟ್ಟೆ.

ಆದರೆ ನಾನು ಕರೆದ ಮಾತ್ರಕ್ಕೆ ಅದು ಹೆಸರಾಗುವುದಿಲ್ಲ. ಇಂಥ ಬಳ್ಳಿಗಳ ಹೆಸರನ್ನು ದಾಖಲು ಮಾಡಿಡುವ ಸಂಘ ಹೊರದೇಶದಲ್ಲಿ ಇದೆಯಂತೆ. ಪ್ರೊಫೆಸರ್ ಆ ಸಂಘಕ್ಕೆ ಬರೆಯಲು ಒಪ್ಪಿದರು, ಒಂದು ಷರತ್ತಿನ ಮೇಲೆ. ಕವಲಿನಿಂದ ತುಂಡು ಮಾಡಿ ಗಿಡ ಎಬ್ಬಿಸಬೇಕು, ಆ ಗಿಡದಿಂದ ಮತ್ತೆ ತುಂಡು, ಅದರಿಂದ ಇನ್ನೊಮ್ಮೆ. ಹೀಗೆ ಮೂರು ತಲೆಮಾರು ಎಲೆ ಇದೇ ರೂಪದಲ್ಲಿ ನಿಲ್ಲಬೇಕು. "ಮಧ್ಯೆ ಹಳೆಯ ಥರದ ಹಸುರು ಕುಡಿ ಬರುತ್ತದೆ. ಅದು ಜೋರಾಗಿ ಬೆಳೆಯುತ್ತದೆ, ನೋಡಲು ಚಂದ ಉಂಟು. ಕರುಣೆ ತೋರಿಸಬೇಡಿ, ಕಂಡ ಕೂಡಲೇ ತೆಗೆಯಿರಿ. ಹೊಟ್ಟೆ ತುಂಬಾ ಗೊಬ್ಬರ ಕೊಟ್ಟಿರೋ, ಇದು ತನ್ನ ಹಳೆಯ ಸ್ವಭಾವಕ್ಕೆ ಹೋಗುತ್ತದೆ" ಎಂದರು.

ತುಂಡು ಮಾಡುವುದು ನನಗೆ ಗೊತ್ತಿದ್ದ ಕೆಲಸ. ಎಲೆ ಹೊರಡುವ ಜಾಗದ ಗಂಟಿಗೆ ಗೆಣ್ಣು ಎನ್ನುತ್ತೇವೆ. ಚಿಗುರಿನ ಕಣ್ಣು ಇರುವುದು ಅಲ್ಲೇ. ಒಂದು ತುಂಡಿಗೆ ಕನಿಷ್ಠ ಎರಡು ಗೆಣ್ಣು ಬೇಕು. ಒಂದು ಮಣ್ಣಿನ ಒಳಗೆ, ಒಂದು ಹೊರಗೆ. ಮೇಲೆ ಗಾಜಿನ ಲೋಟ ಕವುಚಿ ನೆರಳಿನಲ್ಲಿಟ್ಟರೆ ತಿಂಗಳೊಳಗೆ ಬೇರು ಬಿಡುತ್ತದೆ. ಐವಿಯಲ್ಲಿ ಇನ್ನೊಂದು ಮೋಸ ಇದೆ. ಗೆಣ್ಣಿಲ್ಲದ ಬರೀ ಎಲೆಯನ್ನು ನೆಟ್ಟರೂ ಬೇರು ಬರುತ್ತದೆ. ಹೊಸಬರು ಅದನ್ನು ನೋಡಿ ಕುಣಿಯುತ್ತಾರೆ. ಆದರೆ ಬೇರು ಬಂದರೂ ಚಿಗುರು ಬರುವುದಿಲ್ಲ, ಎಷ್ಟು ವರ್ಷ ಕಾದರೂ ಬರುವುದಿಲ್ಲ.

ಮೊದಲ ತಲೆಮಾರಿನಲ್ಲಿ ಮೂರು ಗಿಡ ಎದ್ದವು, ಎರಡನೆಯದರಲ್ಲಿ ಐದು. ದಿನಾ ಬೆಳಿಗ್ಗೆ ಚಿಮಟ ಹಿಡಿದು ಕೂತು ಹಸುರು ಕುಡಿ ಕಂಡರೆ ಕಿತ್ತೆ. ಒಂದೊಂದು ಕುಂಡಕ್ಕೂ ಚೀಟಿ ಕಟ್ಟಿ, ಯಾವ ಕವಲಿನಲ್ಲಿ ಎಷ್ಟು ಗೆಣ್ಣು ಎಂದು ಬರೆದಿಟ್ಟೆ. ಮೂರನೆಯ ತಲೆಮಾರಿನ ಮೂರು ಗಿಡಗಳು ಬೇರು ಬಿಟ್ಟಾಗ ಜಗಲಿಯಲ್ಲಿ ಒಟ್ಟು ಹನ್ನೊಂದು ಪುಟ್ಟ ಮಣ್ಣಿನ ಕುಂಡಗಳಿದ್ದವು. ಇನ್ನೊಂದು ವರ್ಷ ಹೀಗೆಯೇ ನಿಂತರೆ ಪ್ರೊಫೆಸರ್ ಕಾಗದ ಬರೆಯುವವರಿದ್ದರು.

ಇದೇ ಹೊತ್ತಿಗೆ ಟೀಚರ್ ಆಸೆಪಟ್ಟರು. ಟೀಚರ್ ಎಂದರೆ ತಿಂಗಳಿಗೊಮ್ಮೆ ಕಾರ್ಕಳದಿಂದ ಬರುತ್ತಿದ್ದ ನಿವೃತ್ತ ಗಣಿತ ಟೀಚರ್. ಗಿರಾಕಿ ಎನ್ನುವುದಕ್ಕಿಂತ ಗೆಳತಿ ಎನ್ನಬೇಕು. ಬಂದರೆ ಮಧ್ಯಾಹ್ನದ ಗಂಜಿಗೆ ನಮ್ಮ ಜೊತೆಗೇ ಕೂರುತ್ತಿದ್ದರು, ಮಾಂಯ್ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮೊಗ್ಗೆಲೆಯ ಮುಂದೆ ಕೂತರೆ ಏಳುತ್ತಿರಲಿಲ್ಲ.

"ಒಂದು ತುಂಡು ಕೊಡು ಮಾರಾಯ್ತಿ. ನಾನೇನು ಮಾರುವವಳಾ?"

"ಮೂರನೆಯದು ಗಟ್ಟಿಯಾಗಲಿ ಟೀಚರ್. ಮೊದಲ ಕುಂಡ ನಿಮಗೇ."

"ಹೋದ ವರ್ಷವೂ ಇದನ್ನೇ ಹೇಳಿದ್ದಿ." ನಕ್ಕರು. "ಇರಲಿ ಬಿಡು. ಕೇಳಿ ತಕೊಂಡದ್ದು ಹೇಗೂ ಬರುವುದಿಲ್ಲ, ಅಲ್ವಾ?"

ನಾನು ಕೊಡದೆ ಇದ್ದದ್ದು ಶಾಸ್ತ್ರಕ್ಕಾಗಿ ಎಂದು ಆಗ ನನ್ನನ್ನೇ ನಂಬಿಸಿಕೊಂಡಿದ್ದೆ. ನಿಜ ಅದಲ್ಲ. ಒಂದು ತುಂಡು ಹೊರಗೆ ಹೋದರೆ ಅದು ನನ್ನದಾಗಿ ಉಳಿಯುವುದಿಲ್ಲ ಎಂಬ ಭಯ, ಹೊಟ್ಟೆಕಿಚ್ಚು. ಟೀಚರಿನಂಥ ಟೀಚರಿಗೂ ಕೊಡಲು ಮನಸ್ಸು ಬರಲಿಲ್ಲ.

ಅವರು ಹೊರಟ ಮೇಲೆ ಕುಂಡಗಳನ್ನು ಒಳಗಿಡುವಾಗ ನೋಡಿದೆ. ಎರಡನೆಯ ತಲೆಮಾರಿನ ಗಿಡವೊಂದರಲ್ಲಿ ಒಂದು ಕುಡಿ ಗಿಡ್ಡವಾಗಿತ್ತು. ಉಗುರಿನ ಗುರುತು ಇನ್ನೂ ಹಸಿ. ಚೀಟಿಯ ಜೊತೆ ತಾಳೆ ನೋಡಿದರೆ ನಾಲ್ಕು ಗೆಣ್ಣು ಕಡಿಮೆ. ಗಣಿತ ಟೀಚರ್ ಅಲ್ಲವೇ, ಲೆಕ್ಕ ಸರಿಯಾಗಿಯೇ ಮಾಡಿದ್ದರು: ಎರಡು ಒಳಗೆ, ಎರಡು ಹೊರಗೆ. ನಮ್ಮ ಗಂಜಿ ಉಂಡು, ನಮ್ಮ ಮಾಂಯ್‌ಗೆ ಟಾಟಾ ಮಾಡಿ, ನನ್ನ ಮೊಗ್ಗೆಲೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿದ್ದರು. ನಾನು ಫೋನು ಮಾಡಲಿಲ್ಲ. ಮುಂದಿನ ತಿಂಗಳು ಅವರೂ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಬಾರದೆ ಇದ್ದದ್ದೇ ಸಾಕ್ಷಿ. ಮಾಂಯ್, "ಟೀಚರ್ ಯಾಕೆ ಬರುವುದಿಲ್ಲ?" ಎಂದು ಕೇಳಿದಾಗಲೆಲ್ಲ ನಾನು ಚಿಮಟ ಹಿಡಿದು ಕುಂಡಗಳ ಕಡೆಗೆ ಎದ್ದು ಹೋಗುತ್ತಿದ್ದೆ.

ಮೇ ತಿಂಗಳಲ್ಲಿ ನನ್ನ ತಂಗಿಗೆ ಮಣಿಪಾಲದಲ್ಲಿ ಆಪರೇಷನ್ ಆಯಿತು. ನಾಲ್ಕು ದಿನ ನಾನು ಅವಳ ಜೊತೆಗೆ ನಿಲ್ಲಬೇಕಾಯಿತು. ಹೊರಡುವ ಮೊದಲು ಮಾಂಯ್‌ಗೆ ಹತ್ತು ಸಲ ಹೇಳಿದೆ: "ಡ್ರಮ್ಮಿನಿಂದ ಒಂದೊಂದು ಸಣ್ಣ ಲೋಟ, ಅದೂ ದಿನ ಬಿಟ್ಟು ದಿನ. ಏನೇ ಆದರೂ ಬಾವಿ ನೀರು ಮಾತ್ರ ಹಾಕಬೇಡಿ." ಮಾಂಯ್ ತಲೆಯಾಡಿಸಿದರು. ಬೇಸಗೆಯ ಕೊನೆಯಲ್ಲಿ ಡ್ರಮ್ಮಿನ ನೀರು ತಳ ಸೇರಿತ್ತು. ಎಪ್ಪತ್ತೈದರ ಮಾಂಯ್ ಸೊಂಟ ಬಗ್ಗಿಸಿ ಅಷ್ಟು ಆಳಕ್ಕೆ ಕೈ ಹಾಕಲಾರರು ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಐದನೆಯ ದಿನ ಗೇಟು ತೆರೆದಾಗಲೇ ವಾಸನೆ ಬಂತು. ಜಗಲಿಯಲ್ಲಿ ನೊಣ ಮುತ್ತಿದ್ದವು. ನಾಲ್ಕು ಕುಂಡ ನೆಲಕ್ಕೆ ಬಿದ್ದಿದ್ದವು, ಬೆಕ್ಕು ಮಣ್ಣು ಕೆದಕಿ ಬೇರು ಹೊರಗೆ ಎಳೆದಿತ್ತು. ಉಳಿದ ಏಳರಲ್ಲಿ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಮಾಂಯ್ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು, ಮುಖದಲ್ಲಿ ಹೆಮ್ಮೆ.

"ಒಂದು ದಿನವೂ ತಪ್ಪಿಸಲಿಲ್ಲ ಬಾಯೇ. ಬೆಕ್ಕು ಮಾತ್ರ ಕಾಟ ಕೊಟ್ಟಿತು."

"ಎಂತ ಹಾಕಿದಿರಿ ಮಾಂಯ್?"

"ಬೂತಾಯಿ ತೊಳೆದ ನೀರು. ಆ ಕರಿಬೇವಿನ ಗಿಡ ನೋಡು, ಎಂತ ಹಾಕಿ ಅಷ್ಟು ಎತ್ತರ ಆಯಿತು? ಇದೇ. ನೀನು ಬರೀ ಮಳೆ ನೀರು ಕುಡಿಸಿ ಅವುಗಳನ್ನು ಉಪವಾಸ ಕೆಡವಿದ್ದಿ."

"ಬಾವಿ ನೀರು ಹಾಕಬೇಡಿ ಅಂತ ಹೇಳಿದ್ದೆನಲ್ಲ?"

"ಬಾವಿ ನೀರು ಎಲ್ಲಿ ಹಾಕಿದೆ? ಮೀನಿನ ನೀರು ಹಾಕಿದ್ದು."

ಮೀನು ತೊಳೆದದ್ದು ಯಾವ ನೀರಿನಲ್ಲಿ ಎಂದು ನಾನು ಕೇಳಲಿಲ್ಲ. ಕರಾವಳಿಯ ಯಾವ ಮನೆಯಲ್ಲೂ ಮೀನು ತೊಳೆದ ನೀರನ್ನು ಚೆಲ್ಲುವುದಿಲ್ಲ. ನನ್ನ ಅಮ್ಮನೂ ಮಲ್ಲಿಗೆಯ ಬುಡಕ್ಕೆ ಹಾಕುತ್ತಿದ್ದರು. ಮಾಂಯ್ ಪ್ರಕಾರ ಅದು ನೀರೇ ಅಲ್ಲ, ಆಹಾರ. ಇದೆಲ್ಲ ಈಗ ಬರೆಯುವಾಗ ಅರ್ಥವಾಗುತ್ತದೆ. ಆ ದಿನ ಅರ್ಥವಾಗಲಿಲ್ಲ. ಆ ಮುದುಕಿಗೆ ಆಡಬಾರದ ಮಾತು ಆಡಿದೆ. ಅವರು ಒಳಗೆ ಹೋಗಿ, ಆ ಬೂತಾಯಿ ಸಾರನ್ನು ಮುಟ್ಟದೆ ಬರೀ ಗಂಜಿ ಉಂಡರು. ಅಂದಿನಿಂದ ನನ್ನ ಯಾವ ಕುಂಡಕ್ಕೂ ಅವರು ಕೈ ಹಾಕಿಲ್ಲ.

ಉಳಿಸಲು ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಡ್ರಮ್ಮನ್ನು ಮಗುಚಿ ಸಿಕ್ಕಿದ ನೀರಿನಲ್ಲಿ ಏಳೂ ಗಿಡಗಳ ಬೇರನ್ನು ತೊಳೆದು ಹೊಸ ಮಣ್ಣಿಗೆ ಹಾಕಿದೆ. ನೀರು ಸಾಲದೆ ಅಂಗಡಿಯಿಂದ ಕುಡಿಯುವ ನೀರಿನ ಕ್ಯಾನು ತಂದೆ. ಇನ್ನೂ ಹಸುರಿದ್ದ ಕವಲುಗಳಿಂದ ಹದಿನಾಲ್ಕು ತುಂಡು ಮಾಡಿ, ಮನೆಯಲ್ಲಿದ್ದ ಗಾಜಿನ ಲೋಟಗಳನ್ನೆಲ್ಲ ಕವುಚಿದೆ. ಒಂದು ವಾರ ನಮ್ಮ ಮನೆಯವರೆಲ್ಲ ಸ್ಟೀಲಿನ ಲೋಟದಲ್ಲಿ ಚಹಾ ಕುಡಿದರು. ಆದರೆ ಉಪ್ಪು ಹೀರಿಕೊಂಡ ಕಾಂಡ ಒಳಗಿನಿಂದ ಕಪ್ಪಾಗುತ್ತದೆ. ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಬೆಳಿಗ್ಗೆ ಲೋಟ ಎತ್ತಿದರೆ ಎಲೆಗಳು ಉದುರಿರುತ್ತವೆ. ದಿನಕ್ಕೊಂದು, ಕೆಲವು ದಿನ ಎರಡು. ಮಳೆ ಹಿಡಿದ ವಾರ, ಆಕಾಶವೇ ಸಿಹಿ ನೀರು ಸುರಿಸುತ್ತಿದ್ದಾಗ, ಕೊನೆಯ ತುಂಡೂ ಹೋಯಿತು. ಮೂಲದ ತಾಯಿಗಿಡ ಇನ್ನೊಂದು ಮೂಲೆಯಲ್ಲಿದ್ದುದರಿಂದ ಬದುಕಿತ್ತು. ಆದರೆ ಮೊಗ್ಗೆಲೆ ಬಂದ ಆ ಕವಲನ್ನು ನಾನು ಎಂದೋ ಪೂರ್ತಿ ತುಂಡು ಮಾಡಿ ಮುಗಿಸಿದ್ದೆ. ಅದರಲ್ಲಿ ಈಗ ಬರೀ ಹಸುರು ಎಲೆ.

ಪ್ರೊಫೆಸರಿಗೆ ಟೀಚರ್ ಕದ್ದದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು, "ಕದ್ದವರ ಹತ್ತಿರ ಉಂಟಲ್ಲ? ಹೋಗಿ ಕೇಳಿ. ಈಗಲೇ ಹೋಗಿ" ಎಂದರು.

ಲೋಕದಲ್ಲಿ ಉಳಿದಿದ್ದ ಮೊಗ್ಗೆಲೆ ಒಂದೇ, ಅದೂ ಕಾರ್ಕಳದಲ್ಲಿ, ಟೀಚರ್ ಮನೆಯಲ್ಲಿ. ನಾನು ಹೋಗಲಿಲ್ಲ. ನನ್ನ ವಸ್ತುವನ್ನು ಕದ್ದವರ ಬಾಗಿಲಿಗೆ ಹೋಗಿ ಕೈ ಚಾಚುವುದೇ? ಅವರೇ ಬರಲಿ, ಬಂದು ತಪ್ಪಾಯಿತು ಎನ್ನಲಿ ಎಂದು ಕೂತೆ. ಜೂನ್ ಹೋಯಿತು, ಜುಲೈ ಹೋಯಿತು. ಮಳೆಗಾಲ ಪೂರ್ತಿ ನನ್ನ ಅಭಿಮಾನಕ್ಕೆ ನೀರೆರೆದೆ. ಬೇರೆ ಯಾವುದೂ ಆ ವರ್ಷ ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಬೆಳೆಯಲಿಲ್ಲ.

ಅಕ್ಟೋಬರಿನಲ್ಲಿ, ಬಿಸಿಲು ಮತ್ತೆ ಚುರುಕಾದಾಗ, ಇನ್ನೊಂದು ಬೇಸಗೆಯನ್ನು ಟೀಚರ್ ಮನೆಯ ಮೊಗ್ಗೆಲೆ ತಡೆಯುತ್ತದೋ ಇಲ್ಲವೋ ಎಂಬ ಹೆದರಿಕೆ ಹುಟ್ಟಿತು. ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ.

ಟೀಚರ್ ಗೇಟಿನಲ್ಲೇ ನನ್ನನ್ನು ಕಂಡರು. ಮುಖ ಕೆಂಪಾಯಿತು, ಆಮೇಲೆ ಓಡಿ ಬಂದು ಕೈ ಹಿಡಿದರು. "ಬಂದೆಯಾ? ನನಗೆ ಗೊತ್ತಿತ್ತು ನೀನು ಒಂದು ದಿನ ಬರುತ್ತಿ ಅಂತ. ಬಾ, ಬೈಯುವ ಮೊದಲು ಇಲ್ಲಿ ನೋಡು." ಸಿಟೌಟಿನ ಕಂಬದ ಹತ್ತಿರ ಕಬ್ಬಿಣದ ಸ್ಟ್ಯಾಂಡಿನ ಮೇಲೆ ದೊಡ್ಡ ಕುಂಡ. ಅದರಿಂದ ಐವಿ ನಾಲ್ಕೂ ಕಡೆಗೆ ಇಳಿದು ನೆಲ ಮುಟ್ಟುತ್ತಿತ್ತು. ಅಷ್ಟು ಆರೋಗ್ಯದ ಐವಿಯನ್ನು ನಾನು ನಮ್ಮ ಕಡೆ ನೋಡಿರಲಿಲ್ಲ. ಎಲೆಗಳು ಹೆಬ್ಬೆರಳಿನ ಉಗುರಿನಷ್ಟು ಅಗಲ, ಪೂರ್ತಿ ಬಿಚ್ಚಿಕೊಂಡು ಮಿರಿಮಿರಿ ಹಸುರು. ತೆಂಗಿನ ಹಾಲಿನ ಅಂಚು ಒಂದರಲ್ಲೂ ಇರಲಿಲ್ಲ.

"ನಾನು ಹೇಳಲಿಲ್ವಾ, ಕದ್ದದ್ದು ಬರುತ್ತದೆ ಅಂತ?" ಟೀಚರಿನ ಕಣ್ಣು ತುಂಬಿತ್ತು. "ತರುವಾಗ ಎಷ್ಟು ಚಿಕ್ಕ ಎಲೆ ಪಾಪ, ಅಂಚೆಲ್ಲ ಬಿಳಿಚಿಕೊಂಡು, ಮುದುಡಿಕೊಂಡು. ನೀನು ಹನ್ನೊಂದು ಸಾಕುವವಳು, ಒಂದೊಂದಕ್ಕೆ ಎಷ್ಟು ಕೊಡಲಿಕ್ಕೆ ಆಗುತ್ತದೆ? ನನಗೆ ಇದೊಂದೇ ಅಲ್ವಾ. ಹಟ್ಟಿಗೊಬ್ಬರ ಹಾಕಿದೆ, ಹದಿನೈದು ದಿನಕ್ಕೊಮ್ಮೆ ಕಡಲೆಹಿಂಡಿ ನೆನೆಸಿದ ನೀರು. ನೋಡುನೋಡುತ್ತಾ ದೊಡ್ಡ ಎಲೆ ಬಿಟ್ಟಿತು ಮಾರಾಯ್ತಿ."

ನಾನು ಕಿತ್ತು ಎಸೆಯುತ್ತಿದ್ದ ಕುಡಿಗಳನ್ನು ಅವರು ಮಕ್ಕಳಂತೆ ಸಾಕಿದ್ದರು. ಅವು ನನ್ನ ಮೊಗ್ಗೆಲೆಯನ್ನು ತುಳಿದು ಮೇಲೆ ಬಂದಿದ್ದವು. ಇದು ಆ ಗಿಡವೇ ಅಲ್ಲ ಟೀಚರ್ ಎಂದು ಹೇಳಬೇಕಿತ್ತು. "ಚೆನ್ನಾಗಿ ಬಂದಿದೆ" ಎಂದೆ.

ಅವರು ಚಹಾ ಮಾಡಲು ಒಳಗೆ ಹೋದರು. ನಾನು ಎರಡೂ ಕೈಯಿಂದ ಆ ಹಸುರನ್ನು ಬಿಡಿಸಿ ಬುಡದವರೆಗೆ ನೋಡಿದೆ. ಒಳಗೆ ಕತ್ತಲು, ಒಣಗಿದ ಕಡ್ಡಿಗಳ ಗೋಜಲು. ಅದರ ನಡುವೆ ಒಂದು ಸೋತ ಕವಲು, ತುದಿಯಲ್ಲಿ ಒಂದೇ ಒಂದು ಎಲೆ, ಬಿಳಿ ಅಂಚು, ಒಳಕ್ಕೆ ಸುರುಳಿ. ನನ್ನದು. ಅದರ ಬುಡದ ಗೆಣ್ಣು ಇನ್ನೂ ಹಸುರಾಗಿತ್ತು.

ಕರೆದಿದ್ದರೆ ಟೀಚರ್ ಕತ್ತರಿ ತಂದು ಕೊಡುತ್ತಿದ್ದರು. ಕುಂಡವನ್ನೇ ಕೊಡುತ್ತಿದ್ದರು. ಹನ್ನೆರಡು ವರ್ಷ ನರ್ಸರಿ ನಡೆಸಿದವಳು ನಾನು, ಗೆಣ್ಣಿನ ಕೆಳಗೆ ಹರಿತ ಚೂರಿಯಿಂದ ಕತ್ತರಿಸಬೇಕೆಂದು ಊರಿಗೆಲ್ಲ ಹೇಳಿಕೊಡುವವಳು. ಆದರೆ ಕೇಳಿದರೆ ಬರುವುದಿಲ್ಲ, ಕದ್ದರೆ ಬರುತ್ತದೆ ಎಂಬ ಆ ಹಾಳು ಮಾತನ್ನು ಆ ಒಂದು ಗಳಿಗೆಯಲ್ಲಿ ನಂಬಿದೆ. ಒಳಗೆ ಕಪ್ಪುಗಳ ಸದ್ದಾಯಿತು, ಹೆಜ್ಜೆಯ ಸದ್ದು ಹತ್ತಿರ ಬಂತು. ಉಗುರಿನಿಂದ ಚಿವುಟಿ, ಎಳೆದು, ಕನ್ನಡಕದ ಡಬ್ಬಿಗೆ ಹಾಕಿ ಮುಚ್ಚಿದೆ. ಚಹಾ ಕುಡಿದು ಹೊರಟೆ. ಮೊಗ್ಗೆಲೆಯ ಹನ್ನೊಂದು ಕುಂಡ ಸತ್ತ ಸುದ್ದಿಯನ್ನೂ ಹೇಳಲಿಲ್ಲ.

ಬಸ್ಸು ಹಿರಿಯಡ್ಕ ದಾಟಿದ ಮೇಲೆ ಡಬ್ಬಿ ತೆರೆದು ನೋಡಿದೆ. ಎಲೆ ಇತ್ತು, ಅದರ ತೊಟ್ಟು ಇತ್ತು. ಗೆಣ್ಣು ಇರಲಿಲ್ಲ. ಅವಸರದಲ್ಲಿ ಎಳೆದಾಗ ತೊಟ್ಟು ಕಳಚಿಕೊಂಡು ಬಂದಿತ್ತು, ಗೆಣ್ಣು ಅಲ್ಲೇ ಕವಲಿನಲ್ಲಿ ಉಳಿದಿತ್ತು.

ಒಂದು ವಾರ ನನ್ನೊಡನೆ ನಾನೇ ಜಗಳವಾಡಿದೆ. ಕೊನೆಗೆ ಅಭಿಮಾನವನ್ನು ಮೂಟೆ ಕಟ್ಟಿ ಮೂಲೆಗಿಟ್ಟು ಮುಂದಿನ ಭಾನುವಾರ ಮತ್ತೆ ಹೋದೆ. ಬೂದು ಬಣ್ಣದ ಗಾರ್ಡನ್ ಚೂರಿ, ಒದ್ದೆ ಹತ್ತಿ, ಪ್ಲಾಸ್ಟಿಕ್ ಡಬ್ಬಿ ಎಲ್ಲ ಚೀಲದಲ್ಲಿತ್ತು. ಮೆಟ್ಟಿಲು ಹತ್ತುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಹಸುರು ಎಲೆ ಯಾವುದು, ನನ್ನದು ಯಾವುದು, ಮೀನಿನ ನೀರು, ಪ್ರೊಫೆಸರ್, ಕೊನೆಗೆ ಹೋದ ವಾರ ನಾನು ಕದ್ದದ್ದು. "ಬುಡದಲ್ಲಿ ಒಂದು ಗೆಣ್ಣು ಉಳಿದಿದೆ ಟೀಚರ್. ಅದನ್ನು ನನಗೆ ಕೊಡಿ" ಎಂದೆ.

ಟೀಚರ್ ಕುರ್ಚಿಯ ಮೇಲೆ ಕೂತುಬಿಟ್ಟರು. ಕುಂಡ ಅದೇ ಸ್ಟ್ಯಾಂಡಿನಲ್ಲಿ ಇತ್ತು, ಆದರೆ ಬುಡ ಗುಡಿಸಿದ ಅಂಗಳದಷ್ಟು ಚೊಕ್ಕಟವಾಗಿತ್ತು.

"ನೀನು ಹೋದ ಮೇಲೆ ನೋಡಿದೆ" ಎಂದರು. "ಒಳಗೆಲ್ಲ ಒಣಕಲು ಕಡ್ಡಿ. ನರ್ಸರಿಯವಳು ನೋಡಿ ಎಂತ ಅಂದುಕೊಂಡಳೋ, ಕದ್ದದ್ದಲ್ಲದೆ ಸರಿಯಾಗಿ ನೋಡಿಕೊಳ್ಳುವುದೂ ಇಲ್ಲ ಅಂತ ಹೇಳಬಾರದಲ್ಲ. ಎಲ್ಲ ಕತ್ತರಿಸಿ ತೆಗೆದೆ."

"ಎಲ್ಲಿ ಹಾಕಿದಿರಿ?"

"ಸೋಮವಾರವೇ ಬಚ್ಚಲ ಒಲೆಗೆ."

ಇಬ್ಬರೂ ಅತ್ತೆವು. ಆಮೇಲೆ ನನಗೆ ಸಿಟ್ಟು ಬಂತು, ಅವರ ಮೇಲೂ ನನ್ನ ಮೇಲೂ, ಯಾರ ಮೇಲೆ ಹೆಚ್ಚು ಎಂದು ಇವತ್ತಿಗೂ ಹೇಳಲಾರೆ. ಅವರು ಕೇಳಿದಾಗಲೇ ನಾನು ಒಂದು ತುಂಡು ಕೊಟ್ಟು, ಹಸುರು ಕುಡಿ ಬಂದರೆ ಚಿವುಟಿ ಟೀಚರ್ ಎಂದು ಹೇಳಿದ್ದರೆ ಸಾಕಿತ್ತು. ಲೆಕ್ಕದ ಟೀಚರ್ ಅವರು, ದಿನಾ ಎಣಿಸಿ ಚಿವುಟುತ್ತಿದ್ದರು. ಹೊರಡುವಾಗ ಅವರು ಒತ್ತಾಯ ಮಾಡಿ ಆ ದೊಡ್ಡ ಎಲೆಯ ಐವಿಯಿಂದ ನಾಲ್ಕು ತುಂಡು ಕೊಟ್ಟರು. ನಾನು ಕೇಳದೆ ಸಿಕ್ಕಿದ್ದು, ಕದಿಯದೆ ಸಿಕ್ಕಿದ್ದು. ಅವು ನಮ್ಮಲ್ಲಿ ಸೊಂಪಾಗಿ ಬೆಳೆದಿವೆ, ಮಣಿಪಾಲದವರು ಬಂದು ಕೊಂಡು ಹೋಗುತ್ತಾರೆ.

ಡಬ್ಬಿಯಲ್ಲಿ ತಂದ ಎಲೆಯನ್ನೂ ನೆಟ್ಟಿದ್ದೆ. ಗೊತ್ತಿದ್ದೂ ನೆಟ್ಟೆ. ಮೂರು ವಾರಕ್ಕೆ ಬೇರು ಬಿಟ್ಟಿತು. ಈಗ ಎರಡು ಬೇಸಗೆ ಕಳೆದಿವೆ, ಜಗಲಿಯ ಮೂಲೆಯಲ್ಲಿ ಲೋಟದಷ್ಟು ಕುಂಡದಲ್ಲಿ ಅದು ನಿಂತಿದೆ. ಬಿಳಿ ಅಂಚು, ಒಳಕ್ಕೆ ಸುರುಳಿ. ಬಾಡಲೂ ಇಲ್ಲ, ಚಿಗುರಲೂ ಇಲ್ಲ. ಅದಕ್ಕೆ ಮಾತ್ರ ಈಗಲೂ ಡ್ರಮ್ಮಿನ ನೀರು.

ಮೊನ್ನೆ ಮಾಂಯ್, ಕುಂಡಕ್ಕೆ ಕೈ ತಾಗದಂತೆ ದೂರ ನಿಂತು, ಬಗ್ಗಿ ನೋಡಿದರು.

"ಇದೆಂತ ಬಾಯೇ, ಅಂದಿನಿಂದ ಒಂದೇ ಎಲೆ? ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ."

"ಕದ್ದದ್ದಲ್ವಾ ಮಾಂಯ್" ಎಂದೆ. "ಬದುಕುತ್ತದೆ. ಅಷ್ಟೇ."